ವರನ ಹೆಸರು ನುಂಗಿದ ಸರ್ವರ್

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕಂಡಾಗ ಯಾವ ಕೋರ್ಸು ಮಾಡಬೇಕು, ಯಾವ ಸರ್ಟಿಫಿಕೇಟು ತೆಗೆದುಕೊಳ್ಳಬೇಕು ಎಂದು ಕೇಳುತ್ತಾರೆ. ಮೊದಲು ಚಹಾ ಕುಡಿಯುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಅಂಗಡಿ ಅಂಗಡಿ ತಿರುಗಿ ಕಂಪ್ಯೂಟರ್ ರಿಪೇರಿ ಮಾಡಿಯೇ ನನ್ನ ತಲೆ ಬೆಳ್ಳಗಾದದ್ದು. ಯಂತ್ರ ಕೆಟ್ಟಿದೆ ಎಂದು ಫೋನ್ ಮಾಡಿದ ಯಾವ ಮನುಷ್ಯನೂ ತಾನೇನು ಮಾಡಿದೆ ಎಂಬುದನ್ನು ನಾವು ಹೋದ ಕೂಡಲೇ ಹೇಳುವುದಿಲ್ಲ. "ಏನೂ ಮಾಡಿಲ್ರಿ, ತಾನ ಹಿಂಗಾತು" ಎನ್ನುತ್ತಾನೆ. ಆಗ ಸ್ಕ್ರೂಡ್ರೈವರ್ ತೆಗೆದರೆ ಕೆಟ್ಟಿರಿ. ಚಹಾ ತರಿಸಲು ಬಿಡಬೇಕು. ಬಸಿಯಲ್ಲಿ ಸುರುವಿಕೊಂಡು ಎರಡು ಗುಟುಕು ಹೀರುವಷ್ಟರಲ್ಲಿ "ಖರೆ ಹೇಳಬೇಕಂದ್ರ ಸರ..." ಎಂದು ಶುರುವಾಗುತ್ತದೆ. ಅರ್ಧ ರಿಪೇರಿ ಅಲ್ಲಿಗೆ ಮುಗಿಯಿತು.

ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಬೆಳಗಾವಿಯ ಒಂದು ಸಣ್ಣ ಸರ್ವೀಸ್ ಕಂಪನಿಗೆ. ನಮ್ಮ ಮ್ಯಾನೇಜರ್ ಸಾಹೇಬರಿಗೆ ಎರಡು ವಿಷಯಗಳಲ್ಲಿ ಅಪಾರ ನಂಬಿಕೆ. ಒಂದು, ಇಂಜಿನಿಯರ್ ಟೈ ಕಟ್ಟಿಕೊಂಡಿರಬೇಕು. ಎರಡು, ಏನೇ ತೊಂದರೆ ಇರಲಿ, ಮೊದಲು ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಯಂತ್ರಕ್ಕೆ ಬೆಂಕಿ ಹತ್ತಿದೆ ಎಂದು ಫೋನ್ ಮಾಡಿದ್ದರೂ ಅವರು "ರೀಸ್ಟಾರ್ಟ್ ಮಾಡಿ ನೋಡಿದೇನು?" ಎಂದೇ ಕೇಳುತ್ತಿದ್ದರು. ಗೋಕಾಕದ ಬಿಸಿಲಿನಲ್ಲಿ, ತುಂಬಿದ ಬಸ್ಸಿನಲ್ಲಿ, ತೊಡೆಯ ಮೇಲೆ ಮಾನಿಟರ್ ಇಟ್ಟುಕೊಂಡು ಟೈ ಕಟ್ಟಿ ಕುಳಿತವನನ್ನು ಜನ ಔಷಧ ಮಾರುವವನೆಂದು ತಿಳಿದು ಕೆಮ್ಮಿಗೆ ಏನಾದರೂ ಇದೆಯೇ ಎಂದು ಕೇಳಿದ್ದುಂಟು. ಟೈ ಒಂದು ಉಪಯೋಗಕ್ಕಂತೂ ಬಂತು. ಮೆಮೊರಿ ಕಾರ್ಡಿನ ಧೂಳು ಒರೆಸಲು ಅದರಷ್ಟು ಮೃದುವಾದ ಬಟ್ಟೆ ನಮ್ಮ ಚೀಲದಲ್ಲಿ ಬೇರೊಂದಿರಲಿಲ್ಲ.

ಮಸಗುಪ್ಪಿಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿ ಇತ್ತು. ಅಲ್ಲಿನ ಕಂಪ್ಯೂಟರ್ ಮುಂಜಾನೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನ ಇದ್ದಕ್ಕಿದ್ದಂತೆ ಸಾಯುತ್ತಿತ್ತು. ನಾನು ಹಾರ್ಡ್‌ಡಿಸ್ಕ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಕಡೆಗೆ ಮಾಲೀಕನ ಮೇಲೇ ಸಂಶಯಪಟ್ಟೆ. ಒಂದು ದಿನ ಚಹಾ ಕುಡಿಯುತ್ತ ಕುಳಿತಾಗ ಹೊರಗೆ ಯಾರೋ "ಕರೆಂಟ್ ಬಂತು" ಎಂದು ಕೂಗಿದರು, ಒಳಗೆ ಕಂಪ್ಯೂಟರ್ ಸತ್ತಿತು. ಊರಿಗೆ ತ್ರೀ-ಫೇಸ್ ಕರೆಂಟ್ ಬಂದ ಕ್ಷಣಕ್ಕೆ ಎಲ್ಲ ಹೊಲಗಳ ಪಂಪುಗಳೂ ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ ನೆಲಕಚ್ಚುತ್ತಿತ್ತು. ಅಂಗಡಿಯವನಿಗೆ ಇದು ಮೊದಲಿನಿಂದಲೂ ಗೊತ್ತಿತ್ತಂತೆ. ಕರೆಂಟ್ ಬರುವುದು ಒಳ್ಳೆಯ ಸುದ್ದಿಯಲ್ಲವೇ, ಅದನ್ನೇನು ತಕರಾರಿನಲ್ಲಿ ಹೇಳುವುದು ಎಂದ. ಮ್ಯಾನೇಜರ್ ಸಾಹೇಬರು ವರದಿಯಲ್ಲಿ ಸಾಫ್ಟ್‌ವೇರ್ ದೋಷ ಎಂದು ಬರೆದು ಮುಗಿಸಿದರು.

ಇಂಥವು ಬೇಕಾದಷ್ಟಿವೆ. ಆದರೆ ಹೊಸಬರಿಗೆ ನಾನು ನಿಜವಾಗಿ ಹೇಳಬೇಕಾದದ್ದು ಪಾಯಪ್ಪ ಕಾಕಾರ ಪ್ರೆಸ್ಸಿನ ಪ್ರಕರಣ.

ಕಾಕಾರದು ಗೋಕಾಕದ ಹಳೆಯ ಜೈನ ಮನೆತನ. ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಪ್ರೆಸ್ಸಿನ ಬಾಗಿಲೂ ಅದಕ್ಕೆ ಸರಿಯಾಗಿ ಹಾಕಬೇಕು. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಲಗ್ನಪತ್ರಿಕೆ ಅಚ್ಚು ಮಾಡುವ ಕಾಲದಿಂದ ಬಂದವರು ಅವರು. ಮೂಡಲಗಿ, ಹುಕ್ಕೇರಿಗಳಲ್ಲೂ ಒಂದೊಂದು ಸಣ್ಣ ಅಂಗಡಿ ಇಟ್ಟಿದ್ದರು. ಅಲ್ಲಿ ಪತ್ರಿಕೆಯ ಆರ್ಡರ್ ಹಿಡಿದು ಟೈಪು ಮಾಡುವುದು, ಗೋಕಾಕದಲ್ಲಿ ಅಚ್ಚು ಹಾಕುವುದು. ಮೊದಮೊದಲು ಟೈಪು ಮಾಡಿದ್ದನ್ನು ಫ್ಲಾಪಿಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ನಮ್ಮ ಸೀಮೆಯ ಮೊದಲ ನೆಟ್‌ವರ್ಕ್ ಅದೇ. ಘಾಟಿನಲ್ಲಿ ಬಸ್ ಪಂಕ್ಚರಾದರೆ ನೆಟ್‌ವರ್ಕ್ ಡೌನ್.

ಎರಡು ಸಾವಿರದ ದಶಕದಲ್ಲಿ ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಾನೇ ಅವರಿಗೆ ಹೊಸ ಪದ್ಧತಿ ಹಾಕಿಕೊಟ್ಟೆ. ಗೋಕಾಕದ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್. ಮೂರೂ ಊರಿನ ಮೇಜುಗಳ ಮೇಲೆ ಬರೀ ಪರದೆ, ಕೀಬೋರ್ಡು, ಒಂದು ಪುಟ್ಟ ಡಬ್ಬಿ. ಹುಕ್ಕೇರಿಯಲ್ಲಿ ಕುಳಿತವನು ತನ್ನ ಮುಂದೆ ಕಂಪ್ಯೂಟರ್ ಇದೆ ಎಂದು ತಿಳಿದಿರುತ್ತಾನೆ, ಆದರೆ ಅವನ ಡೆಸ್ಕ್‌ಟಾಪ್ ಓಡುತ್ತಿರುವುದು ಗೋಕಾಕದ ಸರ್ವರಿನ ಹೊಟ್ಟೆಯಲ್ಲಿ. ಫೈಲುಗಳೆಲ್ಲ ಒಂದೇ ಕಡೆ. ಕಾಕಾರಿಗೆ ಇದು ಬಹಳ ಹಿಡಿಸಿತು. ಮೂರು ಊರಿನ ಕೆಲಸ ಒಂದೇ ಕಪಾಟಿನಲ್ಲಿ ಇರುವುದು ಯಾವ ಯಜಮಾನನಿಗೆ ಬೇಡ? ಹಳೆಯ ಮೊಳೆಗಳ ಮರದ ಕಪಾಟಿನ ಮೇಲೆಯೇ ಸರ್ವರ್ ಇಡಿಸಿ, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದರು.

ಕಾಕಾರ ಪ್ರೆಸ್ಸಿನಲ್ಲಿ ಒಂದು ರೂಢಿ ಇತ್ತು. ಲಗ್ನಪತ್ರಿಕೆಯನ್ನು ಖಾಲಿ ಹಾಳೆಯಿಂದ ಶುರು ಮಾಡುವಂತಿಲ್ಲ. ಖಾಲಿ ಹಾಳೆ ಅಪಶಕುನ. ಸುಖವಾಗಿ ಸಂಸಾರ ಮಾಡುತ್ತಿರುವ ಒಂದು ಜೋಡಿಯ ಪತ್ರಿಕೆಯನ್ನು ತೆರೆದು, ಅದರ ಮೇಲೆ ಹೊಸ ಹೆಸರು ಕೂರಿಸಬೇಕು. ಹಿಂದೆ ಮೊಳೆಯ ಕಾಲದಲ್ಲಿ ಕಟ್ಟಿಟ್ಟ ಚೌಕಟ್ಟನ್ನು ಬಿಚ್ಚದೆ ಹೆಸರಷ್ಟೇ ಬದಲಿಸುತ್ತಿದ್ದರಲ್ಲ, ಅದು ಕಂಪ್ಯೂಟರಿಗೆ ಬರುವಷ್ಟರಲ್ಲಿ ಶಾಸ್ತ್ರವಾಗಿತ್ತು. ಕಾಕಾ ಆರಿಸಿದ್ದು ತಮ್ಮ ಒಬ್ಬಳೇ ಮಗಳು ತ್ರಿಶಲಾಳ ಲಗ್ನಪತ್ರಿಕೆ. ಅದಕ್ಕೆ 'ಶುಭ' ಎಂದು ಹೆಸರಿಟ್ಟು ಸರ್ವರಿನಲ್ಲಿ ಎಲ್ಲರಿಗೂ ಸಿಗುವಂತೆ ಹಾಕಿಸಿದರು. ಬಂದ ಗಿರಾಕಿಗಳಿಗೆಲ್ಲ ನನ್ನ ಮಗಳ ಪತ್ರಿಕೆಯ ಮೇಲೇ ಮಾಡಿಕೊಡುತ್ತೇವೆ, ಸಂಸಾರ ಚಲೋ ಆಗುತ್ತದೆ ಎಂದು ಹೇಳುತ್ತಿದ್ದರು. ಜನ ಅದನ್ನು ನಂಬಿ ಚಿಕ್ಕೋಡಿಯಿಂದಲೂ ಬರುತ್ತಿದ್ದರು.

ಹುಕ್ಕೇರಿಯ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದವನು ಸಿದ್ಧಾರ್ಥ. ಬೌದ್ಧರ ಮನೆಯ ಹುಡುಗ, ಬಿ.ಕಾಂ. ಮುಗಿಸಿದವನು, ನಾಲಗೆ ಚುರುಕು. ನಮ್ಮ ಕಡೆಯ ಲಗ್ನವಿದ್ದರೆ ಮೊದಲು ಪತ್ರಿಕೆಯ ಮೇಲ್ಭಾಗದ ಚಿತ್ರದಲ್ಲಿ ಜಿನರನ್ನು ತೆಗೆದು ಬುದ್ಧರನ್ನು ಕೂರಿಸುತ್ತೇನೆ ಸರ್, ಒಮ್ಮೆ ಮರೆತಿದ್ದೆ, ಇಬ್ಬರೂ ಕಣ್ಣು ಮುಚ್ಚಿ ಕುಳಿತಿರುವುದರಿಂದ ಯಾರಿಗೂ ಗೊತ್ತಾಗಲಿಲ್ಲ ಎನ್ನುತ್ತಿದ್ದ.

ಒಂದೇ ಫೈಲನ್ನು ಮೂರು ಊರಿನವರು ತೆರೆದರೆ ಏನಾಗಬೇಕೋ ಅದೇ ಆಯಿತು. ಮೂಡಲಗಿಯವರು ತಮ್ಮ ವಧುವಿನ ಹೆಸರು ಹಾಕಿ ಸೇವ್ ಮಾಡಿ ಎದ್ದಿದ್ದರು, ಅಷ್ಟರಲ್ಲಿ ಹುಕ್ಕೇರಿಯವನು ಅದೇ ಫೈಲು ತೆರೆದು ತನ್ನ ವರನ ಹೆಸರು ಹಾಕಿದ. ಒಂದೇ ಫೈಲಿನಲ್ಲಿ ಇವರ ವಧು, ಅವನ ವರ ಉಳಿದರು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿರದ ಎರಡು ಮನೆತನಗಳು ಬೀಗರಾಗಿದ್ದವು. ಎರಡೂ ಕಡೆಯವರು ಪ್ರೆಸ್ಸಿಗೆ ಬಂದು ಕೂಗಾಡಿ, ಕೂಗಾಟದ ಮಧ್ಯೆ ಪರಿಚಯವಾಗಿ, ಹೋಗುವಾಗ ಒಬ್ಬರ ಜಾತಕ ಇನ್ನೊಬ್ಬರು ಕೇಳಿದರು ಎಂದು ಸಿದ್ಧಾರ್ಥ ಹೇಳುತ್ತಾನೆ. ಅದಷ್ಟನ್ನು ನಾನು ನಂಬುವುದಿಲ್ಲ.

ಫೈಲಿಗೆ ಲಾಕ್ ಹಾಕಿಬಿಡೋಣ, ನೋಡಬಹುದು, ನಕಲು ಮಾಡಿಕೊಳ್ಳಬಹುದು, ಆದರೆ ಯಾರೂ ತಿದ್ದುವಂತಿಲ್ಲ ಎಂದೆ. ಎಲ್ಲ ಊರಿನಲ್ಲೂ ಇದೇ ಪದ್ಧತಿ. ಕಾಕಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಮಂಗಳಕಾರ್ಯದ ಫೈಲಿಗೆ ಕೀಲಿ ಹಾಕ್ತೀರೇನ್ರಿ ಈರಣ್ಣಾರ?"

ಮುಗಿಯಿತು. ಮೊದಲು ನಕಲು ಮಾಡಿಕೊಂಡು ಆಮೇಲೆ ತಿದ್ದಿರಿ ಎಂದು ಮೂರೂ ಕಡೆ ಪರದೆಯ ಮೇಲೆ ಚೀಟಿ ಅಂಟಿಸಿ ಬಂದೆ. ಸುಮಾರಾಗಿ ಪಾಲಿಸಿದರು. ಒಂದಷ್ಟು ಕಾಲ ಬೀಗತನಗಳು ಸರಿಯಾದ ಮನೆಗಳ ನಡುವೆಯೇ ಆದವು.

ಆಮೇಲೆ ಬಂತು ನೋಡಿ ಹೊಸ ತಕರಾರು. ಶುಭ ಫೈಲಿನಲ್ಲಿ ವರನ ಹೆಸರು ಇರುತ್ತಿರಲಿಲ್ಲ. ವಧು ತ್ರಿಶಲಾ ಇದ್ದಾಳೆ, ತಂದೆ ತಾಯಿಯ ಹೆಸರಿದೆ, ಮುಹೂರ್ತವಿದೆ, ಆಶೀರ್ವಾದ ಕೋರುವವರೆಲ್ಲ ಇದ್ದಾರೆ, ವರನ ಜಾಗ ಮಾತ್ರ ಖಾಲಿ. ನಾನು ಬ್ಯಾಕಪ್ಪಿನಿಂದ ಹಳೆಯ ಫೈಲು ತಂದು ಹಾಕಿದೆ. ಮರುದಿನ ಮತ್ತೆ ಖಾಲಿ. ವೈರಸ್ ಹುಡುಕಿದೆ, ಡಿಸ್ಕ್ ಪರೀಕ್ಷೆ ಮಾಡಿದೆ, ಕನ್ನಡ ಫಾಂಟಿನ ದೋಷವೆಂದು ಫಾಂಟ್ ಬದಲಿಸಿದೆ. ಬೇರೆ ಯಾವ ಫೈಲಿನಿಂದಲೂ ಒಂದು ಅಕ್ಷರ ಹೋಗುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರಿಗೆ ಫೋನ್ ಮಾಡಿದರೆ ಅವರು ಕೇಳಬೇಕಾದದ್ದನ್ನೇ ಕೇಳಿದರು. ರೀಸ್ಟಾರ್ಟನ್ನೂ ಮಾಡಿದೆ. ಅಷ್ಟರಲ್ಲಿ ಹುಕ್ಕೇರಿಯಿಂದ ಒಂದು ಪತ್ರಿಕೆ ಖಾಲಿ ಜಾಗ ಗಮನಕ್ಕೆ ಬಾರದೆ ಹಾಗೆಯೇ ಅಚ್ಚಾಗಿ, ಹಂಚಿಯೂ ಹೋಯಿತು. ವರನ ಅಪ್ಪ ಬಂದು ಮೇಜು ಗುದ್ದಿದ.

ಕಾಕಾರಿಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಅದು ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ. "ಬ್ಯಾರೆ ಯಾರ ಹೆಸರು ಹೋದ್ರೂ ಹೋಗ್ಲಿ, ಅಳಿಯಾಂದು ಹೋಗಬಾರದ್ರಿ" ಎಂದು ನನ್ನ ಕೈ ಹಿಡಿದುಕೊಂಡರು.

ಟರ್ಮಿನಲ್ ಸರ್ವರ್ ಎನ್ನುವ ಈ ಪದ್ಧತಿಯಲ್ಲಿ ಒಂದು ಸೌಕರ್ಯವಿದೆ. ಸರ್ವರಿನ ಮುಂದೆ ಕುಳಿತವನು ಯಾವ ಊರಿನ ಪರದೆಯನ್ನಾದರೂ ತನ್ನ ಪರದೆಯ ಮೇಲೆ ತೆರೆದು ನೋಡಬಹುದು, ಬೇಕಾದರೆ ಅದರಲ್ಲಿ ತಾನೂ ಟೈಪು ಮಾಡಬಹುದು. ಎರಡು ಕಡೆಯ ಕೀಬೋರ್ಡೂ ಒಂದೇ ಪರದೆಗೆ ಬಡಿಯುತ್ತವೆ. ದೂರದ ಊರಿನವರಿಗೆ ಕೆಲಸ ಕಲಿಸಲು ನಾನು ಅದನ್ನು ಬಳಸುತ್ತಿದ್ದೆ. ಈಗ ವರನ ಹೆಸರನ್ನು ಮತ್ತೊಮ್ಮೆ ಬ್ಯಾಕಪ್ಪಿನಿಂದ ತಂದಿಟ್ಟು, ಮೊಳೆಗಳ ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಮೂರೂ ಕಡೆಯ ಪರದೆಗಳನ್ನು ಸರದಿಯಂತೆ ನೋಡುತ್ತ ಕುಳಿತೆ.

ಮಧ್ಯಾಹ್ನ ಮೂಡಲಗಿಯ ಪರದೆಯಲ್ಲಿ ಶುಭ ಫೈಲು ತೆರೆಯಿತು. ಕರ್ಸರಿನ ಗುರುತು ನೇರವಾಗಿ ವರನ ಹೆಸರಿನ ಕೊನೆಗೆ ಹೋಗಿ ನಿಂತಿತು. ಒಂದೊಂದೇ ಅಕ್ಷರ ಹಿಂದಿನಿಂದ ಅಳಿಯತೊಡಗಿತು. ಅವಸರವಿರಲಿಲ್ಲ. ಹೆಸರು ಪೂರಾ ಹೋದ ಮೇಲೆ ಗುರುತು ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ಮಿನುಗುತ್ತ ನಿಂತಿತು. ಆಮೇಲೆ ಸೇವ್ ಆಯಿತು, ಫೈಲು ಮುಚ್ಚಿತು.

ಮೂಡಲಗಿಯಲ್ಲಿ ಆಗ ಕೂರುತ್ತಿದ್ದವಳು ತ್ರಿಶಲಾ.

ಗಂಡನ ಮನೆಯಿಂದ ನಾಲ್ಕು ದಿನಕ್ಕೆಂದು ಬಂದಿದ್ದಾಳೆ, ಬೇಸರವಾಗಬಾರದೆಂದು ಅಂಗಡಿಯಲ್ಲಿ ಕೂರುತ್ತಾಳೆ, ಮೂಡಲಗಿಯ ಸೋದರತ್ತೆಯ ಮನೆಯಲ್ಲಿದ್ದಾಳೆ ಎಂದು ಕಾಕಾ ಎಲ್ಲರಿಗೂ ಹೇಳಿದ್ದರು. ಆ ನಾಲ್ಕು ದಿನ ಮಳೆಗಾಲದಿಂದ ಚಳಿಗಾಲಕ್ಕೆ ಬಂದಿತ್ತು. ಗೋಕಾಕದಲ್ಲಿ ಸ್ವಂತ ಮನೆ ಇರುವಾಗ ಮಗಳು ಮೂಡಲಗಿಯಲ್ಲಿ ಯಾಕಿರಬೇಕು ಎಂದು ನಾನು ಕೇಳಿರಲಿಲ್ಲ. ನಮ್ಮ ಕೆಲಸ ಯಂತ್ರದ್ದು ತಾನೆ ಎಂದುಕೊಂಡಿದ್ದೆ.

ಮರುದಿನ ಮೂಡಲಗಿಯ ಬಸ್ಸು ಹತ್ತಿದೆ. ತ್ರಿಶಲಾ ಎದುರಿನ ಹೋಟೆಲಿನಿಂದ ಚಹಾ ಹೇಳಿದಳು. ನಾನು ಎಂದಿನಂತೆ ಬಸಿಯಲ್ಲಿ ಸುರುವಿಕೊಂಡು ಸುಮ್ಮನೆ ಕುಳಿತೆ. ಅವಳು "ಏನೂ ಮಾಡಿಲ್ರಿ" ಎನ್ನಲಿಲ್ಲ.

"ನಾನ ಅಳಸಾಕತ್ತೇನ್ರಿ ಅಣ್ಣಾರ" ಎಂದಳು. "ದಿನಾ ಯಾರದರ ಲಗ್ನಕ್ಕ ಆ ಫೈಲು ತಗೀಬೇಕು. ಆ ಹೆಸರು ಅಳಸದ ಮುಂದಿನ ಅಕ್ಷರ ಒತ್ತಾಕ ಆಗಾಂಗಿಲ್ಲ."

ಉಳಿದದ್ದನ್ನು ತಲೆ ತಗ್ಗಿಸಿಕೊಂಡು ಹೇಳಿದಳು. ಗಂಡ ಹೊಡೆಯುತ್ತಾನೆ. ಮೊದಲ ವರ್ಷದಿಂದಲೂ ಹೊಡೆಯುತ್ತಾನೆ. ತಾಯಿ ತೀರಿಕೊಂಡಿದ್ದಾಳೆ, ಹೇಳಿಕೊಳ್ಳಲು ಅಪ್ಪನೊಬ್ಬನೇ. ಅಪ್ಪನ ಮುಂದೆ ಬಾಯಿ ತೆರೆದರೆ ಅವರಿಗೆ ಬಸದಿಗೆ ಹೋಗುವುದು ನೆನಪಾಗುತ್ತದೆ, ನಾಳೆ ಮಾತಾಡೋಣ ಎಂದು ಎದ್ದುಬಿಡುತ್ತಾರೆ. ಬರುವ ವಾರ ಗಂಡನ ಮನೆಯ ಹಿರಿಯರು ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿದೆ. ಊರಿನ ಸಂಸಾರಗಳೆಲ್ಲ ಇವಳ ಪತ್ರಿಕೆಯ ಮೇಲೆ ನಿಂತಿರುವಾಗ ಇವಳು ಗಂಡನನ್ನು ಬಿಟ್ಟು ಬಂದಳು ಎಂದರೆ ಪ್ರೆಸ್ಸು ಏನಾಗಬೇಕು?

ಯಾರು ಅಳಿಸುತ್ತಿದ್ದಾರೆ ಎಂದು ಕಾಕಾರಿಗೆ ಹೇಳಿದರೆ ನನ್ನ ಕೆಲಸ ಮುಗಿಯುತ್ತದೆ, ಇವಳಿಗೆ ಬೈಗುಳ ಸಿಗುತ್ತದೆ, ವಾರ ಬಿಟ್ಟು ಬಸ್ಸು ಹತ್ತಿಸುತ್ತಾರೆ. ಹೇಳದಿದ್ದರೆ ಫೈಲು ಖಾಲಿಯಾಗುತ್ತಲೇ ಇರುತ್ತದೆ. ನಿನ್ನ ಪರದೆಯನ್ನು ಗೋಕಾಕದಿಂದ ನೋಡಿದೆನಮ್ಮಾ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ಬೆಚ್ಚಲಿಲ್ಲ. ಎರಡು ನಿಮಿಷ ಪರದೆಯನ್ನೇ ನೋಡಿದಳು.

"ಹಂಗಾದ್ರ ಅಪ್ಪಾಗ ತೋರಸ್ರಿ" ಎಂದಳು. "ಪರದೆ ಬಿಟ್ಟ ಎದ್ದ ಹೋಗಾಂಗಿಲ್ಲ ಅವ್ರು. ದೋಷ ಹುಡಕಾಕ ಕೂತಿರ್ತಾರ."

ಮಾರನೆಯ ಸಂಜೆ ಕಾಕಾರನ್ನು ಹಿಂದಿನ ಕೋಣೆಗೆ ಕರೆದೆ. ದೋಷ ಸಿಕ್ಕಿದೆ, ನೀವೇ ನೋಡಬೇಕು ಎಂದೆ. ಅವರ ಊಟದ ಸಮಯವಾಗಿತ್ತು, ಹೊತ್ತು ಇಳಿಯುತ್ತಿತ್ತು. ಬೇಗ ಮುಗಿಸ್ರಿ ಎನ್ನುತ್ತ ಬಂದು ಕುರ್ಚಿಯಲ್ಲಿ ಕುಳಿತರು. ಮೂಡಲಗಿಯ ಪರದೆ ತೆರೆದೆ. ನಾನು ಹೆಸರು ಮತ್ತೆ ತಂದಿಟ್ಟಿದ್ದ ಶುಭ ಫೈಲು ಬಂತು. ವರನ ಹೆಸರು ಕೊನೆಯಿಂದ ಅಳಿಯತೊಡಗಿತು.

ಕಾಕಾ ಮುಂದಕ್ಕೆ ಬಾಗಿದರು. ಯಂತ್ರ ತಾನೇ ಅಳಿಸುತ್ತಿದೆಯೆಂದು ತಿಳಿದು ವೈರಸ್ಸೇನು ಎಂದು ಕೇಳಿದರು. ಅಲ್ಲ, ಇದು ಮೂಡಲಗಿಯ ಪರದೆ ಎಂದೆ. ಅವರು ತಿರುಗಿ ನನ್ನ ಮುಖ ನೋಡಿ, ಮತ್ತೆ ಪರದೆಗೆ ತಿರುಗಿದರು. ಹೆಸರು ಹೋದ ಜಾಗದಲ್ಲಿ ಈಗ ಬೇರೆ ಅಕ್ಷರಗಳು ಬರತೊಡಗಿದ್ದವು. ಅದೇ ದಪ್ಪ ಅಕ್ಷರ, ಅದೇ ಕೆಂಪು ಬಣ್ಣ, ಸುತ್ತಲೂ ಅದೇ ಹೂಬಳ್ಳಿಯ ಅಂಚು.

ಅಪ್ಪಾ ಅವ ಹೊಡಿತಾನ. ನಾ ಹೋಗಾಂಗಿಲ್ಲ.

ಕಾಕಾ ಕನ್ನಡಕ ತೆಗೆದರು, ಪಂಚೆಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. ಜೀವಮಾನವಿಡೀ ಪ್ರೂಫ್ ಓದಿದ ಮನುಷ್ಯ. ಒಂದೊಂದು ಅಕ್ಷರದ ಮೇಲೂ ಅವರ ಬೆರಳು ಗಾಳಿಯಲ್ಲಿ ಚಲಿಸಿತು. ನಾನು ಎದ್ದು ಹೊರಗೆ ಹೋಗಲು ನೋಡಿದೆ, ಕೈ ಹಿಡಿದು ಕೂರಿಸಿದರು.

"ನಾವ್ ನೋಡಾಕತ್ತಿದ್ದು ಆಕಿಗೆ ಗೊತ್ತೈತೇನ್ರಿ?"

"ಆಕಿನ ತೋರಸ್ರಿ ಅಂದಾಳ್ರಿ ಕಾಕಾರ."

ಕಾಕಾ ಕುರ್ಚಿ ಬಿಟ್ಟು ಏಳಲಿಲ್ಲ. ಬಸದಿಗೆ ಹೋಗುವುದು ನೆನಪಾಗಲಿಲ್ಲ. ಇಲ್ಲಿಂದಲೂ ಟೈಪು ಮಾಡಬಹುದೇ ಎಂದು ಕೇಳಿದರು. ಬರುತ್ತದೆ, ಏನು ಬರೆಯಬೇಕು ಹೇಳಿ ಎಂದು ನಾನು ಕೀಬೋರ್ಡ್ ಎಳೆದುಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು "ಬ್ಯಾಡ, ನಾನ ಜೋಡಸ್ತೇನಿ" ಎಂದರು.

ಕಣ್ಣು ಮುಚ್ಚಿಕೊಂಡೇ ಮೊಳೆ ಎತ್ತುತ್ತಿದ್ದ ಕೈ ಅದು. ಕೀಬೋರ್ಡಿನ ಮೇಲೆ ಕುಂಕುಮ ಹಚ್ಚಿದ್ದು ಬಿಟ್ಟರೆ ಅದನ್ನು ಎಂದೂ ಮುಟ್ಟಿರಲಿಲ್ಲ. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು, ತಪ್ಪಿದರು, ನನ್ನನ್ನು ಕೇಳಿ ಅಳಿಸಿದರು, ಮತ್ತೆ ಒತ್ತಿದರು. ಅತ್ತ ಮೂಡಲಗಿಯ ಪರದೆಯಲ್ಲಿ ಅವಳು ಅದನ್ನು ಅಕ್ಷರ ಅಕ್ಷರವಾಗಿ ನೋಡುತ್ತಿದ್ದಳು. ಕಡೆಗೆ ಎರಡು ಪದಗಳಾದವು.

ಮನಿಗಿ ಬಾ.

ಗೋಕಾಕದ ಮನೆಗೆ. ಸೋದರತ್ತೆಯ ಮನೆಯಲ್ಲಿ ಬಚ್ಚಿಟ್ಟವಳಿಗೆ ಊರೆಲ್ಲ ನೋಡುವ ಹಾದಿಯಲ್ಲಿ ಬಾ ಎಂದದ್ದು. ಅವಳು ತಾನು ಬರೆದ ಸಾಲನ್ನು ಅಳಿಸಿದಳು. ಅಪ್ಪನ ಎರಡು ಪದಗಳನ್ನು ಹಾಗೇ ಬಿಟ್ಟು, ಕೈ ಅಭ್ಯಾಸದಂತೆ ಸೇವ್ ಮಾಡಿ ಮುಚ್ಚಿದಳು. ಕಾಕಾ ಬಸ್ ನಿಲ್ದಾಣಕ್ಕೆ ತಾವೇ ನಡೆದರು. ಅವಳು ಕುಳಿತ ಮೂಡಲಗಿಯ ಬಸ್ಸು ಬರುವ ಹೊತ್ತಿಗೆ ಸೂರ್ಯ ಮುಳುಗಿತ್ತು, ಆ ದಿನ ಇಬ್ಬರಿಗೂ ಊಟ ತಪ್ಪಿತು.

ಮರುದಿನ ಮುಂಜಾನೆ ಸರ್ವೀಸ್ ರಿಪೋರ್ಟಿಗೆ ಸಹಿ ಹಾಕಿಸಿಕೊಳ್ಳಲು ಪ್ರೆಸ್ಸಿಗೆ ಹೋದೆ. ದೋಷದ ಕಾರಣ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೆ. ತ್ರಿಶಲಾ ಮುಂದಿನ ಮೇಜಿನಲ್ಲಿ, ಬೀದಿಗೆ ಕಾಣುವಂತೆ ಕುಳಿತಿದ್ದಳು. ಅಷ್ಟರಲ್ಲಿ ಹುಕ್ಕೇರಿಯಿಂದ ಫೋನ್ ಬಂತು. ಕಾಕಾ ರಿಸೀವರನ್ನು ನನಗೆ ಕೊಟ್ಟರು. ಸಿದ್ಧಾರ್ಥ.

"ಸರ, ನಿನ್ನೆ ರಿಪೇರಿ ಮಾಡೀರಂತ" ಎಂದ. "ಇವತ್ತ ವರನ ಜಾಗಾದಾಗ 'ಮನಿಗಿ ಬಾ' ಅಂತ ಬಂದೈತಿ. ಇದ್ಯಾವ ನಮೂನಿ ವೈರಸ್ ರೀ? ಬೀಗರು ಎದುರಿಗೆ ಕುಂತಾರ, ನಾ ಯಾವ ಫೈಲ್ ಮ್ಯಾಲೆ ಚಾಲೂ ಮಾಡ್ಲಿ?"

ನಾನು ಕಾಕಾರ ಮುಖ ನೋಡಿದೆ. ಅವರು ರಿಸೀವರ್ ಇಸಿದುಕೊಂಡರು. ಶುಭ ಫೈಲನ್ನು ಇನ್ನು ಯಾರೂ ತೆಗೆಯಬೇಡಿ, ಖಾಲಿ ಹಾಳೆ ತೆಗೆದುಕೊಂಡು ಶುರು ಮಾಡು ಎಂದರು. ಖಾಲಿ ಹಾಳೆ ಅಪಶಕುನವಲ್ಲವೇ ಎಂದು ಅವನು ಕೇಳಿರಬೇಕು. ಕಾಕಾ ಮೇಜಿನಲ್ಲಿ ಕುಳಿತ ಮಗಳ ಕಡೆಗೊಮ್ಮೆ ನೋಡಿದರು.

"ನನ್ನ ಮಗಳು ಇವತ್ತ ಖಾಲಿ ಹಾಳಿಲಿಂದನ ಚಾಲೂ ಮಾಡಾಕತ್ತಾಳೋ ತಮ್ಮಾ" ಎಂದರು. "ನಿನಗೇನ್ ಆಗತೈತಿ, ಮಾಡು."